ಕಪ್ಪಿನ ಮೇಲೊಂದು ಹಳದಿ ಸುತ್ತು

ಅಮರಪ್ಪ ಸೊಕ್ಕಿನ ಮನುಷ್ಯ. ಐವತ್ತನಾಲ್ಕು ವರ್ಷ ಬದುಕಿ ಒಂದು ಸಲವೂ ‘ನನ್ನಿಂದ ತಪ್ಪಾಯಿತು’ ಎನ್ನದೆ ಇರುವುದು ಸುಲಭವಲ್ಲ; ಅದಕ್ಕೆ ದಿನವೂ ಶ್ರಮಪಡಬೇಕು. ಅಮರಪ್ಪ ಪಟ್ಟಿದ್ದ. ಬಸ್ಸು ತಪ್ಪಿದರೆ ಅದು ಬೇಗ ಬಂದ ಬಸ್ಸಿನ ತಪ್ಪು. ಹಾಲು ಉಕ್ಕಿದರೆ ಒಲೆಯ ತಪ್ಪು. ಮಗಳು ಸವಿತಾಳ ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಅವನು ಮಂಟಪದಲ್ಲಿರಲಿಲ್ಲ, ಹಿಂದುಗಡೆ ಜನರೇಟರ್ ಬಿಚ್ಚಿಕೊಂಡು ಕೂತಿದ್ದ. ಅದು ಕರೆಂಟಿನವರ ತಪ್ಪು. ಇಂಥವರೊಡನೆ ಸಂಸಾರ ಮಾಡುವವರು ಒಂದೋ ಜಗಳಗಂಟರಾಗುತ್ತಾರೆ, ಇಲ್ಲವೇ ಮಾತು ಬಿಡುತ್ತಾರೆ. ಅವನ ಹೆಂಡತಿ ಶೇಖವ್ವ ಎರಡನೆಯದನ್ನು ಆರಿಸಿಕೊಂಡಿದ್ದಳು.

ಸಿಂಗಸಂದ್ರದಲ್ಲಿ ಹೊಸೂರು ರಸ್ತೆಯ ಸರ್ವಿಸ್ ರಸ್ತೆಗೆ ಮುಖಮಾಡಿ ಐದು ತಗಡಿನ ಅಂಗಡಿಗಳಿವೆ. ಮೂರನೆಯದರಲ್ಲಿ ಅಮರಪ್ಪ ಕಾರುಗಳ ವೈರಿಂಗ್ ಕೆಲಸ ಮಾಡುತ್ತಿದ್ದ. ಕೆಲಸವೇನೋ ಅಚ್ಚುಕಟ್ಟು, ಅದನ್ನು ಅಲ್ಲಗಳೆಯುವಂತಿಲ್ಲ. ಎರಡು ವೈರು ಕೂಡಿಸಬೇಕಾದರೆ ಉಳಿದವರಂತೆ ತಿರುಚಿ ಟೇಪು ಸುತ್ತಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಬೆಸುಗೆ ಹಾಕಿ, ಅದರ ಮೇಲೆ ಕಪ್ಪು ಟೇಪನ್ನು ಒಂದೇ ಅಳತೆಯಲ್ಲಿ ಸುತ್ತಿ, ಕೊನೆಗೆ ಒಂದೇ ಒಂದು ಹಳದಿ ಸುತ್ತು ಕೊಡುತ್ತಿದ್ದ. ಅದು ಅವನ ಸಹಿ. ಬೊಮ್ಮಸಂದ್ರದಿಂದ ಬೊಮ್ಮನಹಳ್ಳಿಯವರೆಗೆ ಯಾವ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿದರೂ, ಹಳದಿ ಸುತ್ತು ಕಂಡ ಕಡೆ ಬಿಚ್ಚುತ್ತಿರಲಿಲ್ಲ. ದೋಷ ಬೇರೆಲ್ಲೋ ಇದೆ ಎಂದು ಮುಂದೆ ಹೋಗುತ್ತಿದ್ದ.

ನಿಜ ಹೇಳಬೇಕೆಂದರೆ ಹಳದಿ ಸುತ್ತು ಶೇಖವ್ವನದು. ಲಿಂಗಸುಗೂರಿನ ಕಡೆಯಿಂದ ಬಂದ ಹೊಸದರಲ್ಲಿ ಗಂಡ ಹೆಂಡತಿ ಇಬ್ಬರೂ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿದ್ದರು. ಕಾರುಗಳ ಒಳಗೆ ಹಾಯುವ ವೈರಿನ ಸರಗಳನ್ನು ಅಲ್ಲಿ ಕಟ್ಟುತ್ತಿದ್ದರು. ಅಮರಪ್ಪ ವೈರಿನ ತುದಿಗೆ ಹಿತ್ತಾಳೆಯ ಕೊಕ್ಕೆ ಒತ್ತುತ್ತಿದ್ದ. ಪಕ್ಕದ ಮೇಜಿನಲ್ಲಿ ಶೇಖವ್ವ ಟೇಪು ಸುತ್ತುತ್ತಿದ್ದಳು. ಮುಗಿದದ್ದಕ್ಕೆ ಗುರುತಾಗಿ ಹಳದಿ ಸುತ್ತು ಕೊಡುತ್ತಿದ್ದಳು. ಒಂದು ದಿನ ಮುನ್ನೂರ ಇಪ್ಪತ್ತು ಸರಗಳು ವಾಪಸು ಬಂದವು. ಕೊಕ್ಕೆ ಎಳೆದರೆ ಕಳಚಿ ಬರುತ್ತಿತ್ತು. ಸೂಪರ್‌ವೈಸರು ಇಬ್ಬರನ್ನೂ ನಿಲ್ಲಿಸಿ, ಯಾರ ಕೈಕೆಲಸ ಇದು, ಒಬ್ಬರು ಒಪ್ಪಿಕೊಂಡು ಸಹಿ ಹಾಕಿ ಎಂದ. ನನ್ನ ಕೆಲಸದಲ್ಲಿ ತಪ್ಪಿಲ್ಲ ಎಂದು ಅಮರಪ್ಪ ಎದೆ ಸೆಟೆಸಿದ. ಶೇಖವ್ವ ಅವನ ಮುಖವನ್ನು ಒಂದು ಗಳಿಗೆ ನೋಡಿ, ಟೇಪು ಸುತ್ತುವಾಗ ನಾನೇ ಜೋರಾಗಿ ಎಳೆದಿರಬೇಕು ಎಂದು ಸಹಿ ಹಾಕಿದಳು. ಅವಳ ಕೆಲಸ ಹೋಯಿತು. ವಾರದ ನಂತರ ಅಮರಪ್ಪ ತನ್ನ ಒತ್ತುವ ಇಕ್ಕಳ ತೆಗೆದು ಬೆಳಕಿಗೆ ಹಿಡಿದ. ಅದರ ಹಲ್ಲು ಸವೆದಿತ್ತು. ಅವನು ಯಾರಿಗೂ ಹೇಳದೆ ಹೊಸ ಇಕ್ಕಳ ಕೇಳಿ ಪಡೆದ. ಇಪ್ಪತ್ತಾರು ವರ್ಷ ಕಳೆದವು. ಶೇಖವ್ವ ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳಲ್ಲಿ ನೆಲ ಒರೆಸಿ ಮಗಳನ್ನು ಓದಿಸಿದಳು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಐದೂ ಅಂಗಡಿಗಳ ಮಾಲೀಕ ಚಿಕ್ಕಬೈರಪ್ಪ, ಸಿಂಗಸಂದ್ರದ ಮೂಲದವನು. ಹೊಲವಿದ್ದ ಕಡೆಯೆಲ್ಲ ಈಗ ಬಾಡಿಗೆ ಕೋಣೆಗಳು. ವಯಸ್ಸು ಎಪ್ಪತ್ತೆಂಟು, ಕಿವಿ ಮಂದ. ಹನ್ನೆರಡು ವರ್ಷದ ಹಳೆಯ ಸಣ್ಣ ಕಾರಿನಲ್ಲಿ ಡೇರಿಗೆ, ದೇವಸ್ಥಾನಕ್ಕೆ, ಹೆಚ್ಚೆಂದರೆ ಉಳಿದಿರುವ ತುಂಡು ಜಮೀನಿಗೆ ಹೋಗಿಬರುತ್ತಿದ್ದ. ಅವನ ಹೆಂಡತಿ ವಸಂತಮ್ಮ ಸಂಜೆ ಅಂಗಡಿಗಳ ಮುಂದೆ ಹಾದುಹೋಗುವಾಗ ಅಮರಪ್ಪನನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ‘ಏನ್ ರಾಯಚೂರು, ಉಂಡ್ಯಾ?’ ಎನ್ನುತ್ತಿದ್ದಳು. ಉತ್ತರಕ್ಕೆ ಕಾಯುತ್ತಿರಲಿಲ್ಲ. ಅವರೆಕಾಯಿ ಕಾಲದಲ್ಲಿ ಒಂದು ಡಬ್ಬಿ ಸಾರು ತಂದಿಟ್ಟು, ಡಬ್ಬಿ ತೊಳೆದು ಕೊಡು ಎಂದು ಗದರಿಸಿ ಹೋಗುತ್ತಿದ್ದಳು.

ಆ ವಸಂತಮ್ಮ ಮೇ ತಿಂಗಳಲ್ಲಿ ಕಾರಿನೊಳಗೇ ಸತ್ತಳು.

ಬೆಳಗ್ಗೆ ಹನ್ನೊಂದರ ಹೊತ್ತಿಗೆ ಎದೆನೋವು ಬಂದಿತ್ತು. ಮನೆಯಲ್ಲಿದ್ದವಳು ಮೊಮ್ಮಗಳು ಬಿಂದುಶ್ರೀ ಒಬ್ಬಳೇ. ಹತ್ತೊಂಬತ್ತು ವರ್ಷ, ಲೈಸೆನ್ಸ್ ಸಿಕ್ಕಿ ನಾಲ್ಕು ತಿಂಗಳು. ಅಪ್ಪ ಶಶಿಕುಮಾರ್ ಊರಿನ ಆ ತುದಿ ಮಾಕಳಿಯಲ್ಲಿ, ತನ್ನ ಗೋಡೌನಿನಲ್ಲಿದ್ದ. ತಾತ ಅವತ್ತು ಕಾರು ಮನೆಯಲ್ಲೇ ಬಿಟ್ಟು ಜಮೀನಿನ ಹತ್ತಿರ ಹೋಗಿದ್ದ. ಆಂಬುಲೆನ್ಸಿನವರು ಅರ್ಧ ಗಂಟೆ ಎಂದಾಗ ಹುಡುಗಿ ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟುಬಿಟ್ಟಳು. ಕೂಡ್ಲು ಗೇಟಿನ ಹತ್ತಿರ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅಲ್ಲಿ ಕಾರು ಕುದಿದು, ಬಾನೆಟ್ಟಿನಿಂದ ಹಬೆ ಎದ್ದು, ಎಂಜಿನ್ ನಿಂತಿತು. ಹುಡುಗಿ ರಸ್ತೆಯ ನಡುವೆ ನಿಂತು ಕೈಬೀಸಿ ಬೀಸಿ, ಒಬ್ಬ ಆಟೋದವನು ಇಳಿದು ಬಂದು ಮುದುಕಿಯನ್ನು ಎತ್ತಿಕೊಳ್ಳುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತಳ್ಳುವವನು ಯಾರೋ, ಸ್ವಲ್ಪ ಬೇಗ ತರಬಾರದಾಗಿತ್ತಾ ಎಂದ. ಹಾಗೆನ್ನುವವರು ಎಲ್ಲ ಕಡೆಯೂ ಇರುತ್ತಾರೆ. ಮನೆಯವರಿಗೆ ಆ ಒಂದು ಮಾತು ಸಾಕಾಯಿತು.

ಮಣ್ಣು ಮಾಡಿ ಬಂದ ಸಂಜೆ ಶಶಿಕುಮಾರ್ ಎಲ್ಲರೆದುರು ಮಗಳನ್ನು ಕೇಳಿದ: ‘ಸೂಜಿ ನೋಡಕ್ಕೂ ಬರ್ದೆ ಇದ್ಮೇಲೆ ಸ್ಟೇರಿಂಗ್ ಯಾಕ್ ಹಿಡ್ದೆ?’ ಬಿಸಿ ಏರುವುದನ್ನು ತೋರಿಸುವ ಸೂಜಿಯ ಮಾತು ಅದು. ಅವತ್ತಿನಿಂದ ಹುಡುಗಿ ಕಾಲೇಜಿಗೆ ಹೋಗಲಿಲ್ಲ. ಅಜ್ಜಿಯ ಚಾಪೆಯ ಮೇಲೆ ಮಲಗುತ್ತಿದ್ದಳು. ಕರೆದರೆ ತಟ್ಟೆಯ ಮುಂದೆ ಬಂದು ಕೂತು, ಅನ್ನ ಕಲಸಿ, ಕೈತೊಳೆದು ಎದ್ದು ಹೋಗುತ್ತಿದ್ದಳು.

ತಿಥಿ ಮುಗಿದು ಹತ್ತು ದಿನಕ್ಕೆ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ತಾತ, ಅಪ್ಪ, ಮಗಳು ಮೂವರೂ ಅಮರಪ್ಪನ ಅಂಗಡಿಗೆ ಬಂದರು. ಮೆಕ್ಯಾನಿಕ್ಕು ಎಂಜಿನ್ ಉಳಿದಿದೆ, ರೇಡಿಯೇಟರ್ ಫ್ಯಾನು ತಿರುಗದೆ ಕುದಿದಿದೆ, ವೈರಿಂಗ್ ನೋಡಿಸಿ ಎಂದಿದ್ದ. ಎರಡು ವರ್ಷದ ಹಿಂದೆ ಆ ಕಾರಿಗೆ ಎರಡೂ ಫ್ಯಾನಿನ ಮೋಟರು ಹಾಕಿದವನು ಅಮರಪ್ಪನೇ. ಅದು ಶಶಿಕುಮಾರನಿಗೆ ನೆನಪಿತ್ತು.

‘ನೋಡು ಗುರು, ಯಾರ್ ತಪ್ಪು ಅಂತ ಇವತ್ ಗೊತ್ತಾಗ್ಬೇಕು. ಇವಳು ಓಡಿಸಿದ್ದಾ, ಇಲ್ಲ ನೀನ್ ಮಾಡಿದ್ದಾ.’

‘ನಂದಂತೂ ಅಲ್ರಿ. ನನ್ನ ಜಾಯಿಂಟು ಗಾಡಿ ಗುಜರಿಗೆ ಹೋದ್ರೂ ಬಿಡೂದಿಲ್ಲ. ಬಿಚ್ಚಿ ತೋರಿಸ್ತೇನಿ, ನಿಂತು ನೋಡ್ರಿ.’

ಸತ್ತ ಮನೆಯವರ ಮುಂದೆ ಹೇಳುವ ಮೊದಲ ಮಾತು ಇದಲ್ಲ. ಆದರೆ ಅಮರಪ್ಪನಿಗೆ ಬಂದ ಮೊದಲ ಮಾತು ಅದೇ. ಶಶಿಕುಮಾರನಿಗೆ ನಿಂತು ನೋಡುವ ವ್ಯವಧಾನವಿರಲಿಲ್ಲ. ಫೋನು ಬಂತು, ಮಾತಾಡುತ್ತ ರಸ್ತೆ ದಾಟಿ ಟೀ ಅಂಗಡಿಯ ನೆರಳಿಗೆ ಹೋದ. ಚಿಕ್ಕಬೈರಪ್ಪ ಹಳೆಯ ಟೈರಿನ ಮೇಲೆ ಕೂತ. ಬಿಂದುಶ್ರೀ ಬಾನೆಟ್ಟಿನ ಪಕ್ಕ ಬಂದು ನಿಂತಳು. ಮೆಲ್ಲಗೆ ಕೇಳಿದಳು.

‘ಅಂಕಲ್, ಟ್ರಾಫಿಕ್ಕಲ್ಲಿ ತುಂಬಾ ಹೊತ್ತು ಫಸ್ಟ್ ಗೇರಲ್ಲೇ ಇದ್ದೆ. ಅದಕ್ಕೇನಾ ಬಿಸಿ ಆಗಿದ್ದು?’

ನೋಡಿ ಹೇಳುತ್ತೇನೆ ಎಂದ ಅಮರಪ್ಪ. ಅವಳ ಕಣ್ಣಿನ ಸುತ್ತ ಕಪ್ಪು ಇಳಿದಿತ್ತು. ಅಷ್ಟರಲ್ಲಿ ಬುತ್ತಿ ತಂದ ಶೇಖವ್ವ ಏನೂ ಕೇಳದೆ ಹುಡುಗಿಯ ರಟ್ಟೆ ಹಿಡಿದು ಅಂಗಡಿಯೊಳಕ್ಕೆ ಕರೆದುಕೊಂಡು ಹೋಗಿ, ಸ್ಟೂಲಿನ ಮೇಲೆ ಕೂರಿಸಿ, ಕೈಯಲ್ಲೊಂದು ಜೋಳದ ರೊಟ್ಟಿ ಇಟ್ಟಳು. ಹುಡುಗಿ ಅದನ್ನು ಹಿಡಿದುಕೊಂಡೇ ಕೂತಳು.

ಅಮರಪ್ಪ ನೀರು ತುಂಬಿಸಿ ಎಂಜಿನ್ ಶುರುಮಾಡಿದ. ಸೂಜಿ ಅರ್ಧ ದಾಟಿತು, ಮುಕ್ಕಾಲಿಗೆ ಬಂತು, ಫ್ಯಾನು ಅಲುಗಲಿಲ್ಲ. ಎ.ಸಿ. ಹಾಕಿದ, ಎರಡನೆಯ ಫ್ಯಾನೂ ಇಲ್ಲ. ಎಂಜಿನ್ ನಿಲ್ಲಿಸಿ ಫ್ಯೂಸು ತೆಗೆದ, ಚೆನ್ನಾಗಿತ್ತು. ಫ್ಯಾನಿಗೆ ಕರೆಂಟು ಬಿಡುವ ರಿಲೇ ಎಂಬ ಸಣ್ಣ ಡಬ್ಬಿಯನ್ನು ಕಿತ್ತು, ಹಾರ್ನಿನ ರಿಲೇಯನ್ನು ಅದರ ಜಾಗಕ್ಕೆ ಕೂರಿಸಿ ಮತ್ತೆ ನೋಡಿದ. ವ್ಯತ್ಯಾಸವಿಲ್ಲ. ಮೋಟರಿನ ಪ್ಲಗ್ ಬಿಚ್ಚಿ, ಬ್ಯಾಟರಿಯಿಂದ ನೇರವಾಗಿ ಎರಡು ವೈರು ಎಳೆದು ಮುಟ್ಟಿಸಿದ. ಫ್ಯಾನು ಒಂದೇ ಏಟಿಗೆ ತಿರುಗಿತು.

‘ನೋಡ್ರಿ, ನನ್ನ ಮೋಟರು,’ ಎಂದ ಮುದುಕನ ಕಡೆ ತಿರುಗಿ. ಚಿಕ್ಕಬೈರಪ್ಪನಿಗೆ ಕೇಳಿಸಲಿಲ್ಲ. ಎರಡೂ ಫ್ಯಾನುಗಳ ಕಪ್ಪು ವೈರುಗಳು ಕೂಡುವ ಕಡೆ ತಾನು ಹಾಕಿದ್ದ ಜಾಯಿಂಟನ್ನು ಅಮರಪ್ಪ ಎಳೆದು ನೋಡಿದ. ಎರಡು ವರ್ಷದ ಧೂಳಿನ ಕೆಳಗೆ ಹಳದಿ ಸುತ್ತು ಹಾಗೇ ಇತ್ತು. ಅವನ ಮನಸ್ಸು ಹಗುರವಾಯಿತು. ಮೂರು ಜನರ ಸಂಕಟ ಅಂಗಡಿ ಬಾಗಿಲಲ್ಲಿ ಕೂತಿರುವಾಗ ಅವನ ಮನಸ್ಸು ಹಗುರವಾದದ್ದು ಇದಕ್ಕೆ.

ಹಾಗಾದರೆ ರಿಲೇಗೆ ಅಪ್ಪಣೆ ಬರುತ್ತಿಲ್ಲ. ಅಪ್ಪಣೆ ತರುವ ಸಣ್ಣ ವೈರನ್ನು ಬೆರಳಿನಲ್ಲಿ ಹಿಡಿದು ಹಿಂದಕ್ಕೆ ಹೋದ. ಒಂದು ಗೇಣು ದೂರದಲ್ಲಿ ಅದನ್ನು ಯಾರೋ ಕತ್ತರಿಸಿ, ಎರಡು ತುದಿಗೂ ನೀಲಿ ವೈರು ತಿರುಚಿ, ಕಾರಿನೊಳಕ್ಕೆ ಎಳೆದಿದ್ದರು. ಒರಟು ಕೆಲಸ. ಅಮರಪ್ಪ ಬ್ಯಾಟರಿಯ ವೈರು ಬಿಚ್ಚಿಟ್ಟು, ಅಂಗಾತ ಮಲಗಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಬಾನೆಟ್ ಎಳೆಯುವ ಹಿಡಿಯ ಹಿಂದೆ, ಸೀಟಿನಲ್ಲಿ ಕೂತವರಿಗೆ ಕಾಣದಂತೆ, ಒಂದು ಪುಟ್ಟ ಕರಿ ಸ್ವಿಚ್ಚು. ಕೆಳಮುಖವಾಗಿತ್ತು. ವೈರು ಕೂಡಿದ್ದರೆ ಸದ್ದು ಮಾಡುವ ಮೀಟರಿನ ಕಡ್ಡಿ ಹಚ್ಚಿದ, ಸದ್ದಿಲ್ಲ. ಸ್ವಿಚ್ಚನ್ನು ಮೇಲೆತ್ತಿದ, ಮೀಟರು ಕುಂಯ್‌ಗುಟ್ಟಿತು. ದೋಷ ಇಷ್ಟೇ. ಯಾರೋ ಫ್ಯಾನನ್ನು ಆರಿಸಿಟ್ಟಿದ್ದರು.

ಅವನು ಎದ್ದು ಬಂದು ಮುದುಕನ ಕಿವಿಯ ಹತ್ತಿರ ಬಗ್ಗಿ, ಒಳಗಿನ ಸ್ವಿಚ್ಚು ಯಾರದು ಎಂದು ಕೇಳಿದ. ಚಿಕ್ಕಬೈರಪ್ಪನ ಮುಖದಲ್ಲಿ ಆ ದಿನ ಮೊದಲ ಬಾರಿಗೆ ಒಂದಿಷ್ಟು ಜೀವ ಬಂತು.

‘ಅದಾ? ಅದು ನಾನೇ ಆಕ್ಸಿದ್ದು ಕಣಪ್ಪ, ಅತ್ತಿಬೆಲೆ ತಾವ. ಗಾಡಿ ನಿಲ್ಸಿ ಬೀಗ ಆಕೊಂಡು ಒಂಟೋದ್ರೂ ಈ ಫ್ಯಾನು ಗರ್ ಅಂತ ತಿರುಗ್ತಾನೇ ಇರ್ತಿತ್ತು. ಓಡೋವಾಗ ಸುಮ್ಕಿದ್ದು ನಿಂತ್ಮೇಲೆ ತಿರುಗೋ ಫ್ಯಾನು ಯಾಕಪ್ಪ? ನೀರಿಲ್ದ ಬಾವಿಗೆ ಮೋಟ್ರು ಬಿಟ್ಟಂಗೆ. ನಂ ಬೋರ್‌ವೆಲ್ ಮೋಟ್ರು ಮೂರು ಸಲ ಅಂಗೇ ಸುಟ್ಟೋಗಿದ್ದು. ಅದ್ಕೇ ಯುಗಾದಿಗೆ ಮುಂಚೆ ಆಫ್ ಮಾಡ್ಬುಟ್ಟೆ. ಬ್ಯಾಟ್ರಿ ಎಂಗದೆ ನೋಡು, ಒಂದ್ ದಿನಾನೂ ಕೈ ಕೊಟ್ಟಿಲ್ಲ.’

ಅಮರಪ್ಪನಿಗೆ ಎಲ್ಲ ಅರ್ಥವಾಯಿತು. ಮಂದ ಕಿವಿಗೆ ಎಂಜಿನ್ನಿನ ಸದ್ದಿನಲ್ಲಿ ಫ್ಯಾನು ಕೇಳಿಸಿಯೇ ಇಲ್ಲ. ಎಂಜಿನ್ ನಿಂತ ಮೇಲೆ ಕೇಳಿಸಿದೆ. ಹಾಗಾಗಿ ಅದು ನಿಂತ ಮೇಲೆ ಮಾತ್ರ ತಿರುಗುತ್ತದೆ ಎಂದುಕೊಂಡಿದ್ದಾನೆ. ನಲವತ್ತು ವರ್ಷ ಪಂಪ್‌ಸೆಟ್ ಕಾದವನ ಬುದ್ಧಿ. ಬರಿದೇ ತಿರುಗುವ ಮೋಟರನ್ನು ಕಂಡರೆ ಅವನ ಕೈ ಸುಮ್ಮನಿರದು. ಡೇರಿಗೆ, ದೇವಸ್ಥಾನಕ್ಕೆ ಹೋಗಿಬರುವ ಎರಡು ಕಿಲೋಮೀಟರಿನಲ್ಲಿ ಕಾರು ಕುದಿಯುವುದಿಲ್ಲ. ಹೊಸೂರು ರಸ್ತೆಯಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ಅಲುಗದ ಗಾಡಿಗಳ ನಡುವೆ ಕುದಿಯುತ್ತದೆ.

‘ಯಾಕಪ್ಪ, ಅದ್ರಲ್ಲೇನಾದ್ರೂ ಐಬು?’ ಎಂದ ಮುದುಕ. ಏನೂ ಅರಿಯದ ಮುಖ. ಹೆಂಡತಿಯ ತಿಥಿಗೆ ತಲೆ ಬೋಳಿಸಿಕೊಂಡಿದ್ದ, ಅಲ್ಲಲ್ಲಿ ಬಿಳಿ ಮೊಳಕೆ ಎದ್ದಿತ್ತು.

ಅಮರಪ್ಪ ಕಾರಿನ ಹತ್ತಿರ ಬಂದು ನಿಂತ. ನಿಜ ಹೇಳಿದರೆ ತನ್ನ ಕೆಲಸದ ಮೇಲೆ ಧೂಳೂ ಕೂರುವುದಿಲ್ಲ. ಹುಡುಗಿಯೂ ಪಾರಾಗುತ್ತಾಳೆ. ಆಮೇಲೆ ಈ ಮುದುಕ ಮನೆಗೆ ಹೋಗಿ, ಐವತ್ತೈದು ವರ್ಷ ಜೊತೆಗಿದ್ದವಳ ಪಟದ ಮುಂದೆ ಕೂರಬೇಕು. ಸುಮ್ಮನಿದ್ದರೆ, ವೈರಿಂಗ್ ಸರಿಯಾಗಿದೆ ಎಂದರೆ, ಹುಡುಗಿ ಇನ್ನು ಅರವತ್ತು ವರ್ಷ ಆ ಚಾಪೆಯ ಮೇಲೆ ಮಲಗಬೇಕು. ತಾನಾಗಿಯೇ ಕೆಟ್ಟಿತು ಎನ್ನಲು ಕೆಟ್ಟದ್ದೊಂದು ಬೇಕಲ್ಲ. ಫ್ಯೂಸು, ರಿಲೇ, ಮೋಟರು ಎಲ್ಲವೂ ಗಟ್ಟಿಯಾಗಿದ್ದವು. ಒಳಗೆ ಶೇಖವ್ವ ಹುಡುಗಿಗೆ ಏನೋ ಹೇಳುತ್ತಿದ್ದಳು. ಹುಡುಗಿ ರೊಟ್ಟಿಯನ್ನು ಇನ್ನೂ ಹಾಗೇ ಹಿಡಿದಿದ್ದಳು.

ಅವನು ಕತ್ತರಿ ತೆಗೆದುಕೊಂಡ. ಒಳಗಿನ ಸ್ವಿಚ್ಚನ್ನು ನೀಲಿ ವೈರಿನ ಸಮೇತ ಕಿತ್ತು ಅಂಗಿಯ ಜೇಬಿಗೆ ಹಾಕಿದ. ನೀಲಿ ವೈರು ಸೇರಿದ್ದ ಕಡೆ ಸಣ್ಣ ವೈರನ್ನು ಮೊದಲಿನಂತೆ ಕೂಡಿಸಿದ. ನಂತರ ಬಾನೆಟ್ಟಿನೊಳಕ್ಕೆ ಬಗ್ಗಿ, ತನ್ನ ಜಾಯಿಂಟನ್ನು ಹಳದಿ ಸುತ್ತಿನ ಪಕ್ಕಕ್ಕೇ ಕತ್ತರಿಸಿದ. ಈಗ ತಾನೇ ಕತ್ತರಿಸಿದ ತಾಮ್ರ ಹೊಳೆಯುತ್ತದೆ. ಹಳೆಯ ಮುರುಕು ಕಪ್ಪಾಗಿರುತ್ತದೆ. ಬ್ಯಾಟರಿಯ ತಲೆಯ ಮೇಲೆ ಕಟ್ಟಿದ್ದ ಹಸಿರು ಕಿಲುಬನ್ನು ಹೆಬ್ಬೆರಳಿನಿಂದ ಕೆರೆದು, ಉಗುಳು ಸೇರಿಸಿ, ಎರಡೂ ತುದಿಗೆ ಹೊಳಪು ಹೋಗುವವರೆಗೆ ಉಜ್ಜಿದ.

ಅವನು ಕೂಗಿದ್ದಕ್ಕೆ ಎಲ್ಲರೂ ಬಂದರು. ಶಶಿಕುಮಾರ್ ಫೋನು ಜೇಬಿಗಿಳಿಸಿ ಬಂದ. ಶೇಖವ್ವ ಹುಡುಗಿಯ ಹಿಂದೆ ನಿಂತಳು.

‘ಇದರಿ,’ ಎಂದ ಅಮರಪ್ಪ. ವೈರಿನ ತುದಿಗಳನ್ನು ಅಂಗೈಯಲ್ಲಿಟ್ಟು ತೋರಿಸಿದ. ‘ಇದು ಬಿಟ್ಟೈತಿ. ಹಿಂಗಾಗಿ ಫ್ಯಾನು ತಿರುಗಿಲ್ಲ. ನನ್ನ ಜಾಯಿಂಟರಿ ಇದು. ನಂದ ತಪ್ಪ.’

ಹೊಸೂರು ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಬಿಂದುಶ್ರೀ ಅಂಗೈಯ ಮೇಲೆ ಬಗ್ಗಿ ನೋಡಿದಳು.

‘ನಾನು ಸೂಜಿ ನೋಡಿದ್ದಿದ್ರೆ?’

‘ನೋಡಿದ್ರೂ ಅಷ್ಟ ಆಗತಿತ್ತವ್ವ, ನೋಡದಿದ್ರೂ ಅಷ್ಟ. ಆ ಟ್ರಾಫಿಕ್ಕಿನಾಗ ನಾ ಓಡಿಸಿದ್ರೂ ನಿಲ್ಲತಿತ್ತು.’

ಶಶಿಕುಮಾರ್ ಬೈದದ್ದನ್ನೆಲ್ಲ ಇಲ್ಲಿ ಬರೆಯುವ ಅಗತ್ಯವಿಲ್ಲ. ಹಳದಿ ಟೇಪಿನ ಮೇಲೆ ಬೈದ, ರಾಯಚೂರಿನ ಮೇಲೆ ಬೈದ, ಎರಡು ವರ್ಷದಿಂದ ನನ್ ಜಾಯಿಂಟು ನನ್ ಜಾಯಿಂಟು ಎಂದು ಮೆರೆದದ್ದಕ್ಕೆ ಬೈದ. ತಿಂಗಳು ಮುಗಿಯುವುದರೊಳಗೆ ಅಂಗಡಿ ಖಾಲಿ ಮಾಡಬೇಕೆಂದ. ಅಮರಪ್ಪ ತಲೆಯಾಡಿಸಿದ. ಬೈಗುಳ ಅವನಿಗೆ ಅಷ್ಟಾಗಿ ತಾಗಲಿಲ್ಲ. ತಾಗಿದ್ದು ಚಿಕ್ಕಬೈರಪ್ಪನ ಮಾತು. ಮುದುಕ ಹತ್ತಿರ ಬಂದು ಅವನ ಮುಖವನ್ನೇ ನೋಡುತ್ತ ಹೇಳಿದ:

‘ದಿನಾ ನೀನ್ ಉಂಡ್ಯಾ ಅಂತ ಕೇಳ್ತಿದ್ಳಲ್ಲೋ ಅವಳು.’

ಅಮರಪ್ಪನ ಬಾಯಿ ತೆರೆಯಿತು. ಜೇಬಿನ ಮೇಲೆ ಕೈ ಹೋಯಿತು. ಹೇಳಿಬಿಡುವುದಕ್ಕೆ ಅದೊಂದೇ ಗಳಿಗೆ ಇತ್ತು. ಕೈ ಕೆಳಗಿಳಿಯಿತು. ಒಳಗಿನ ಸ್ವಿಚ್ಚಿನಲ್ಲಿ ಐಬೇನಿರಲಿಲ್ಲ, ವೈರು ಹಳತಾಗಿತ್ತೆಂದು ತೆಗೆದಿದ್ದೇನೆ, ಗಾಡಿ ನಿಂತ ಮೇಲೆ ಫ್ಯಾನು ತಿರುಗಿದರೆ ತಿರುಗಲಿ, ಅದರ ಪದ್ಧತಿಯೇ ಹಾಗೆ ಎಂದಷ್ಟೇ ಮುದುಕನ ಕಿವಿಯಲ್ಲಿ ಜೋರಾಗಿ ಹೇಳಿದ. ಚಿಕ್ಕಬೈರಪ್ಪ ಮುಖ ತಿರುಗಿಸಿಕೊಂಡ.

ಹಳೆಯ ಜಾಯಿಂಟಿನ ತುಂಡನ್ನು ಕತ್ತರಿಸಿ ನೆಲಕ್ಕೆಸೆದು ಅಮರಪ್ಪ ಹೊಸದಾಗಿ ಬೆಸುಗೆ ಹಾಕಿದ. ಕಪ್ಪು ಟೇಪು ಸುತ್ತಿದ. ಹಳದಿಯ ಸುರುಳಿಯನ್ನು ಕೈಗೆ ತೆಗೆದುಕೊಂಡವನು ಹಾಗೇ ಡಬ್ಬಿಗೆ ಹಾಕಿದ. ಎಂಜಿನ್ ಶುರುವಾಗಿ ಸೂಜಿ ಅರ್ಧ ದಾಟುತ್ತಲೇ ಫ್ಯಾನು ತಿರುಗಿತು. ಅದರ ಸದ್ದು ಕೇಳಿ ಬಿಂದುಶ್ರೀ ಅಲ್ಲೇ ಟೈರಿನ ಮೇಲೆ ಕೂತು, ಇಪ್ಪತ್ತೊಂದು ದಿನದಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತಳು. ಅಪ್ಪ ಏನು ಮಾಡಬೇಕೆಂದು ತಿಳಿಯದೆ ಅವಳ ತಲೆಯ ಮೇಲೆ ಕೈಯಿಟ್ಟು ನಿಂತ. ಅತ್ತು ಮುಗಿದ ಮೇಲೆ ಅವಳು ಕೈಯಲ್ಲಿದ್ದ ರೊಟ್ಟಿ ತಿಂದಳು. ಶೇಖವ್ವ ಇನ್ನೊಂದು ಕೊಟ್ಟಳು, ಅದನ್ನೂ ತಿಂದಳು. ನಂತರ ಮೂವರೂ ಹೊರಟುಹೋದರು.

ಶೇಖವ್ವ ಕಸಬರಿಗೆ ತಂದು ಅಂಗಡಿಯ ಮುಂದೆ ಗುಡಿಸಿದಳು. ವೈರಿನ ತುಂಡು ಸಿಕ್ಕಿತು. ಹೆಕ್ಕಿಕೊಂಡು ಉಗುರಿನಿಂದ ತುದಿಯನ್ನು ಗೀರಿದಳು. ಕಿಲುಬಿನ ಕೆಳಗೆ ತಾಮ್ರ ಹೊಸ ಕಾಸಿನಂತೆ ಹೊಳೆಯಿತು. ಆರು ವರ್ಷ ಇದೇ ಕೆಲಸ ಮಾಡಿದವಳು. ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

‘ಇದು ಇವತ್ತ ಕತ್ತರಿಸಿದ್ದು,’ ಎಂದಳು.

ಅಮರಪ್ಪ ಕೈಗೆ ಹತ್ತಿದ ಹಸಿರು ಕಿಲುಬನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. ಅದು ಹೋಗಿ ಎಷ್ಟೋ ಹೊತ್ತಾಗಿತ್ತು.

‘ಆ ಮುನ್ನೂರ ಇಪ್ಪತ್ತು ಸರ,’ ಎಂದ ಕೊನೆಗೆ, ರಸ್ತೆಯ ಕಡೆ ನೋಡುತ್ತ. ‘ಇಕ್ಕಳದ ಹಲ್ಲು ಸವದಿತ್ತು. ಅದು ನಂದ ತಪ್ಪಿತ್ತು, ಶೇಖವ್ವ.’

ಶೇಖವ್ವ ತುಂಡನ್ನು ಗುಜರಿ ಡಬ್ಬಿಗೆ ಹಾಕಿದಳು. ಬುತ್ತಿಯಲ್ಲಿ ಒಂದೇ ರೊಟ್ಟಿ ಉಳಿದಿತ್ತು. ಅದನ್ನು ಮುರಿದು ಅರ್ಧವನ್ನು ಅವನ ಮುಂದಿಟ್ಟಳು.